ಇಳಿಕೆ ನಿಂತ ಮೇಲಿನ ಲೆಕ್ಕ: ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರ ತೂಕವನ್ನು ಉಳಿಸಿಕೊಳ್ಳುವ ಹಂತ

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ, ಅಂದರೆ ತೂಕ ಇಳಿಸಲು ಜಠರವನ್ನು ಕಿರಿದಾಗಿಸುವ ಶಸ್ತ್ರಚಿಕಿತ್ಸೆಯ, ಪಾಠವನ್ನು ಓದುವಾಗ ನಮ್ಮ ಗಮನವೆಲ್ಲ ಮೊದಲ ವರ್ಷದ ಮೇಲೆಯೇ ನಿಂತುಬಿಡುತ್ತದೆ. ದ್ರವಾಹಾರ, ಮೆತ್ತಗಿನ ಆಹಾರ, ಗಟ್ಟಿ ಆಹಾರ ಎಂಬ ಮೆಟ್ಟಿಲುಗಳನ್ನು ಬಾಯಿಪಾಠ ಮಾಡುತ್ತೇವೆ. ತೂಕ ನಿಂತ ಮೇಲೆ ಏನು ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಸಿಗುವುದು ಒಂದೆರಡು ಪುಟ. ‘ಇಳಿಕೆ ನಿಂತಿತು’ ಎಂದರೆ ಚಿಕಿತ್ಸೆಯ ಬಲ ಮುಗಿಯಿತು ಎಂದು ನಾನೂ ಮೊದಲು ಬರೆದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದ ಮೇಲೆ ಆ ಸಾಲನ್ನು ಹೊಡೆದುಹಾಕಬೇಕಾಯಿತು.

ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು 75ರಿಂದ 80 ಶೇಕಡಾ ಭಾಗವನ್ನು ತೆಗೆಯುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಸುಮಾರು 30 ಮಿ.ಲೀ. ಹಿಡಿಸುವ ಪುಟ್ಟ ಚೀಲವನ್ನಷ್ಟೇ ಊಟಕ್ಕೆ ಉಳಿಸಿ, ಮಿಕ್ಕ ಜಠರವನ್ನು ಬೇರ್ಪಡಿಸಿ ಒಳಗೇ ಬಿಟ್ಟು, ಸಣ್ಣ ಕರುಳಿನ ದಾರಿಯನ್ನು ಬದಲಿಸುತ್ತಾರೆ. ಎರಡರಲ್ಲಿಯೂ ಮೊದಲ ಆರು ತಿಂಗಳಲ್ಲಿ ತೂಕ ವೇಗವಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ, ಸಾಮಾನ್ಯವಾಗಿ 12ರಿಂದ 18 ತಿಂಗಳೊಳಗೆ ತನ್ನ ತಳ ಮುಟ್ಟುತ್ತದೆ. ಇದರ ಹಿಂದೆ ಎರಡು ಗೆರೆಗಳಿವೆ. ತಿಂಗಳು ಕಳೆದಂತೆ ಒಂದು ಹೊತ್ತಿಗೆ ತಿನ್ನಬಲ್ಲ ಪ್ರಮಾಣ ಮೆಲ್ಲಗೆ ಹೆಚ್ಚುತ್ತದೆ. ಅದೇ ಹೊತ್ತಿಗೆ ದೇಹ ಖರ್ಚು ಮಾಡುವ ಶಕ್ತಿ ಕಡಿಮೆಯಾಗುತ್ತ ಬರುತ್ತದೆ. 36 ಕೆ.ಜಿ.ಯ ಮೂಟೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದವರು ಮೂಟೆ ಇಳಿಸಿ ಹತ್ತಿದರೆ ಅದೇ ಮೆಟ್ಟಿಲಿಗೆ ಕಡಿಮೆ ಶಕ್ತಿ ಸಾಕಾಗುತ್ತದೆ, ಸುಮ್ಮನೆ ಮಲಗಿದ್ದಾಗಲೂ ಸಣ್ಣ ದೇಹಕ್ಕೆ ಬೇಕಾಗುವುದು ಕಡಿಮೆಯೇ. ಏರುವ ಗೆರೆ ಮತ್ತು ಇಳಿಯುವ ಗೆರೆ ಸಂಧಿಸಿದ ಕಡೆ ತೂಕ ನಿಲ್ಲುತ್ತದೆ. ಚಿಕಿತ್ಸೆ ಕೆಲಸ ಮಾಡುತ್ತಿರುವುದರಿಂದಲೇ ಆ ಸಂಧಿ ಇಷ್ಟು ಕೆಳಗೆ ಬಂದಿದೆ.

ಇದನ್ನು ಮೂರನೆಯ ವಾರದ ಆಸುಪಾಸಿನಲ್ಲಿ ಕಾಣುವ ತಾತ್ಕಾಲಿಕ ತಡೆಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಆಗ ತೂಕ ಕೆಲವು ದಿನ ಅಲುಗಾಡದಿರುವುದು ಬಹುಮಟ್ಟಿಗೆ ನೀರಿನ ಲೆಕ್ಕ, ಅದು ತಾನಾಗಿಯೇ ಕಳೆಯುತ್ತದೆ.

ಹಸಿವಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ, ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವುದೂ ಅದೇ ಭಾಗವನ್ನು. ಜೊತೆಗೆ ಊಟವಾದ ಮೇಲೆ ತೃಪ್ತಿಯ ಸಂದೇಶ ಕೊಡುವ ಜಿಎಲ್‌ಪಿ-1, ಪಿವೈವೈ ಹಾರ್ಮೋನುಗಳು ಮೊದಲಿಗಿಂತ ಹೆಚ್ಚು ಸ್ರವಿಸುತ್ತವೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಅನೇಕರು ಹಸಿವೇ ಇಲ್ಲ ಎನ್ನುತ್ತಾರೆ. ವರ್ಷ ತುಂಬುವ ಹೊತ್ತಿಗೆ ಅದೇ ಜನ ಗಾಬರಿಯಿಂದ ‘ಹಸಿವು ವಾಪಸು ಬಂದಿದೆ, ಜಠರ ಹಿಗ್ಗಿಹೋಯಿತೇ?’ ಎಂದು ಕೇಳುತ್ತಾರೆ. ಹಸಿವು ಮರಳುವುದು ನಿರೀಕ್ಷಿತ ಸಂಗತಿ, ಅದೊಂದೇ ಜಠರ ಹಿಗ್ಗಿದ್ದಕ್ಕೆ ಸಾಕ್ಷಿಯಲ್ಲ ಎಂಬ ಉತ್ತರವನ್ನು ಮೊದಲೇ, ಅಂದರೆ ಹಸಿವು ಇಲ್ಲದ ದಿನಗಳಲ್ಲಿಯೇ, ಹೇಳಿಟ್ಟರೆ ಅರ್ಧ ಗಾಬರಿ ತಪ್ಪುತ್ತದೆ.

ಇನ್ನು ಅಂಕಿಗಳು. 120 ಕೆ.ಜಿ. ಇದ್ದ ಒಬ್ಬರು ಹದಿನೆಂಟು ತಿಂಗಳಲ್ಲಿ 84ಕ್ಕೆ ಇಳಿದು, ಮೂರನೆಯ ವರ್ಷದಲ್ಲಿ 89ಕ್ಕೆ ಬಂದರು ಎಂದುಕೊಳ್ಳೋಣ. ಏರಿದ್ದು ಐದು ಕೆ.ಜಿ. ತಳ ಮುಟ್ಟಿದ ತೂಕಕ್ಕೆ ಹೋಲಿಸಿದರೆ ಅದು ಸುಮಾರು ಶೇ. 6ರ ಏರಿಕೆ, ಕಳೆದುಕೊಂಡ 36 ಕೆ.ಜಿ.ಗೆ ಹೋಲಿಸಿದರೆ ಸುಮಾರು ಶೇ. 14 ಮರಳಿ ಬಂದಂತೆ. ಆದರೆ ಮೂಲ ತೂಕದಿಂದ ನೋಡಿದರೆ ಈಗಲೂ ಸುಮಾರು ಶೇ. 26 ಕಡಿಮೆಯೇ. ಅಂಕಿ ಒಂದೇ, ಓದುವ ಬಗೆ ಮೂರು. ಪ್ರಬಂಧಗಳನ್ನು ಓದುವಾಗ ಯಾವ ಅಳತೆ ಬಳಸಿದ್ದಾರೆ ಎಂದು ಮೊದಲು ನೋಡದಿದ್ದರೆ, ಒಂದು ಲೇಖನದ ಯಶಸ್ಸು ಇನ್ನೊಂದರಲ್ಲಿ ಸೋಲಾಗಿ ಕಾಣುತ್ತದೆ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ‘ಸ್ವೀಡಿಷ್ ಒಬೀಸ್ ಸಬ್ಜೆಕ್ಟ್ಸ್’ ಅಧ್ಯಯನದಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಆದವರ ತೂಕ ಒಂದೆರಡು ವರ್ಷಗಳಲ್ಲಿ ಸರಾಸರಿ ಶೇ. 32ರಷ್ಟು ಇಳಿದಿತ್ತು, ಹತ್ತು ವರ್ಷಗಳ ನಂತರ ಅದು ಶೇ. 25ರಲ್ಲಿ ನಿಂತಿತ್ತು. ಅಂದರೆ ಸ್ವಲ್ಪ ಮರಳುವುದು ಸರಾಸರಿಯ ಭಾಗವೇ. ನಮ್ಮ ಉದಾಹರಣೆಯ ವ್ಯಕ್ತಿ ದಾರಿ ತಪ್ಪಿದವರೇನೂ ಅಲ್ಲ.

ತೂಕ ಉಳಿಸಿಕೊಳ್ಳುವ ಈ ಹಂತಕ್ಕೆ ನಿರ್ವಹಣೆ ಎಂದ ಕೂಡಲೇ ‘ಇನ್ನು ಎಲ್ಲರಂತೆ ಊಟ’ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಇಳಿಕೆ ತಾನಾಗಿಯೇ ನಿಂತಿದ್ದರೆ, ನಿಂತ ದಿನಗಳಲ್ಲಿ ತಿನ್ನುತ್ತಿದ್ದುದೇ ನಿರ್ವಹಣೆಯ ಊಟ. ಅದಕ್ಕೆ ಸೇರಿಸಿದರೆ ಏರುತ್ತದೆ. ಅದನ್ನು ಇನ್ನಷ್ಟು ಕಡಿತ ಮಾಡಿ ಇಳಿಕೆಯನ್ನು ಎಳೆದಾಡಹೊರಟರೆ ಪ್ರೊಟೀನ್ ಸಾಲದೆ ಸ್ನಾಯು ಕರಗುತ್ತದೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಎಂಬ ನಿಯಮ ಈ ಹಂತದಲ್ಲಿಯೂ ಹಾಗೆಯೇ ಉಳಿಯುತ್ತದೆ. ಅಗತ್ಯಕ್ಕಿಂತ ಕೆಳಗೆ ಇಳಿಯುತ್ತಲೇ ಇರುವವರು ಕೆಲವರಿರುತ್ತಾರೆ. ಅವರಿಗೆ ಮಾತ್ರ ಆಹಾರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ಎರಡು ಮೂರು ವಾರ ತೂಕ ನೋಡಿ, ಮತ್ತೆ ಹೆಚ್ಚಿಸುವ ಕ್ರಮ ಬೇಕಾಗುತ್ತದೆ, ಜೊತೆಗೆ ಕಾರಣವನ್ನೂ ಹುಡುಕಬೇಕಾಗುತ್ತದೆ.

ತೂಕ ಮರಳುವುದು ಹೆಚ್ಚಾಗಿ ಊಟದ ತಟ್ಟೆಯಿಂದಲ್ಲ, ಊಟಗಳ ನಡುವಿನ ಹೊತ್ತಿನಿಂದ. ಎರಡು ಬೇಯಿಸಿದ ಮೊಟ್ಟೆಗಳನ್ನು ಚೆನ್ನಾಗಿ ಅಗಿದು ತಿಂದರೆ ಸ್ಲೀವ್ ಆದ ಜಠರ ತುಂಬಿ, ಎದೆಯ ಕೆಳಗೆ ಬಿಗಿತವಾಗಿ, ಕೈ ತಾನಾಗಿಯೇ ನಿಲ್ಲುತ್ತದೆ. ಅದೇ ವ್ಯಕ್ತಿ ಕಂಪ್ಯೂಟರಿನ ಮುಂದೆ ಕುಳಿತು, ಪಕ್ಕದಲ್ಲಿ ಚಹಾ ಇಟ್ಟುಕೊಂಡು, ಮಧ್ಯಾಹ್ನವಿಡೀ ಒಂದೊಂದೇ ಬಿಸ್ಕತ್ತು ಅದ್ದಿ ತಿಂದರೆ ಇಡೀ ಪೊಟ್ಟಣ ಖಾಲಿಯಾದರೂ ಆ ಬಿಗಿತ ಬರುವುದಿಲ್ಲ. ಬಾಯಲ್ಲೇ ಕರಗುವ ಪದಾರ್ಥ ನಿಲ್ಲದೆ ಜಾರಿಹೋಗುತ್ತದೆ. ಐಸ್‌ಕ್ರೀಂ, ಚಿಪ್ಸ್, ಸಿಹಿ ಪಾನೀಯಗಳೂ ಹೀಗೆಯೇ. ಶಸ್ತ್ರಚಿಕಿತ್ಸೆ ಪ್ರಮಾಣಕ್ಕೆ ಕಾವಲು ಹಾಕಿದೆ, ಎಷ್ಟು ಸಲ ತಿನ್ನುತ್ತೇವೆ ಎಂಬುದಕ್ಕೆ ಹಾಕಿಲ್ಲ. ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಬಿಡಬೇಕೆಂಬ ಸೂಚನೆಯನ್ನು ವರ್ಷದ ನಂತರವೂ ಬಿಡಬೇಡಿ ಎಂದು ಹೇಳುವುದು ಊಟ ಹೀಗೆ ಜಾರಿಹೋಗದಿರಲಿ ಎಂಬ ಕಾರಣಕ್ಕೆ. ಮದ್ಯದ ಬಗ್ಗೆ ಒಂದು ಮಾತು: ಬೈಪಾಸ್ ಆದವರಲ್ಲಿ ಅದು ಬೇಗ ರಕ್ತಕ್ಕೆ ಸೇರಿ ಹೆಚ್ಚು ಮಟ್ಟಕ್ಕೇರುತ್ತದೆ, ದುರಭ್ಯಾಸದ ಅಪಾಯ ಎರಡನೆಯ ವರ್ಷದಿಂದ ಎದ್ದುಕಾಣುತ್ತದೆ.

ತೂಕದ ಗುರಿಯನ್ನು ಒಂದೇ ಅಂಕಿಯಾಗಿ ಇಡುವುದಕ್ಕಿಂತ ಮೇಲೊಂದು ಕೆಳಗೊಂದು ಗೆರೆಯಿರುವ ಒಂದು ಪಟ್ಟಿಯಾಗಿ ಇಡುವುದು ನನಗೆ ಸರಿಯೆನಿಸುತ್ತದೆ; ನಮ್ಮ ಉದಾಹರಣೆಯಲ್ಲಿ 84ರಿಂದ 87. ದೇಹ ಸಕ್ಕರೆಯನ್ನು ಕೂಡಿಡುವ ರೂಪವಾದ ಗ್ಲೈಕೋಜನ್ನಿನ ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದಿಡುತ್ತದೆ, ಉಪ್ಪು ಮತ್ತು ಮುಟ್ಟಿನ ದಿನಗಳೂ ನೀರನ್ನು ಹೆಚ್ಚಿಸುತ್ತವೆ. ಹೀಗಾಗಿ ಒಂದು ಕೆ.ಜಿ. ಹೆಚ್ಚುಕಡಿಮೆಗೆ ಅರ್ಥವಿಲ್ಲ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಿ, ಪಟ್ಟಿಯ ಮೇಲಿನ ಗೆರೆಯನ್ನು ಸತತ ಮೂರು ವಾರ ದಾಟಿದರೆ ಮಾತ್ರ ಆಹಾರದ ದಿನಚರಿ ಬರೆಯಲು ಆರಂಭಿಸಬೇಕು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಬಹುದು. ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿದವರು ಸಾಮಾನ್ಯವಾಗಿ ಐದು ಕೆ.ಜಿ. ಏರಿದಾಗಲ್ಲ, ಹದಿನೈದು ಏರಿದ ಮೇಲೆ ಬಂದು ಹೇಳುತ್ತಾರೆ.

ಹೀಗೆ ಬಚ್ಚಿಡುವುದಕ್ಕೂ ಕಾರಣವಿದೆ. ಮೊದಲ ವರ್ಷ ಪ್ರತಿ ವಾರವೂ ಯಂತ್ರ ಬಹುಮಾನ ಕೊಡುತ್ತಿತ್ತು, ಕಂಡವರೆಲ್ಲ ಮೆಚ್ಚುತ್ತಿದ್ದರು. ಈಗ ಅಷ್ಟೇ ಶ್ರಮಕ್ಕೆ ಸಿಗುವುದು ಅದೇ ಅಂಕಿ. ಅದನ್ನೇ ಫಲಿತಾಂಶ ಎಂದು ಎಣಿಸುವುದನ್ನು ಕಲಿಸಲು ಮಂಡಿನೋವು, ರಕ್ತದೊತ್ತಡ, ಎತ್ತಬಲ್ಲ ಭಾರ ಮುಂತಾದ ಬೇರೆ ಅಳತೆಗಳನ್ನು ತೂಕ ಬರೆದಿಡುವ ಕಾರ್ಡಿನಲ್ಲಿ ಸೇರಿಸಬೇಕು. ಕೊನೆಯದಕ್ಕೆ ಎರಡು ಲಾಭ: ಭಾರ ಎತ್ತುವ ವ್ಯಾಯಾಮ ಸ್ನಾಯುವನ್ನೂ ಕಾಯುತ್ತದೆ.

ವಿಟಮಿನ್ ಮಾತ್ರೆಗಳನ್ನು ಬಿಡುವುದೂ ಇದೇ ಹಂತದಲ್ಲಿ, ಏಕೆಂದರೆ ಆಗ ಎಲ್ಲವೂ ಚೆನ್ನಾಗಿರುತ್ತದೆ. ಬಿ12 ವಿಟಮಿನ್ ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ಸಂಗ್ರಹವಾಗಿರುವುದರಿಂದ ಮಾತ್ರೆ ಬಿಟ್ಟ ದಿನ ಏನೂ ಗೊತ್ತಾಗುವುದಿಲ್ಲ. ಅದರ ಕೊರತೆಯಿಂದ ಕಾಲು ಜೋಮು ಹಿಡಿಯುವ ಹೊತ್ತಿಗೆ ಬಿಟ್ಟದ್ದೇ ಮರೆತಿರುತ್ತದೆ. ದಿನಕ್ಕೆ 1200ರಿಂದ 1500 ಮಿ.ಗ್ರಾಂ ಕ್ಯಾಲ್ಸಿಯಂ, ಅದರಿಂದ ಎರಡು ಗಂಟೆಯ ಅಂತರದಲ್ಲಿ ಕಬ್ಬಿಣ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಇವು ಜೀವನಪರ್ಯಂತ.

ಮೇಲಿನ ಗೆರೆ ದಾಟಿ ತೂಕ ಏರುತ್ತಲೇ ಹೋದರೆ ವಿಚಾರಣೆಯ ಕ್ರಮ ಮುಖ್ಯ. ಮೊದಲು ತಿನ್ನುವ ಹೊತ್ತು, ನಿದ್ದೆ, ಮನಸ್ಸಿನ ಸ್ಥಿತಿ; ನಂತರ ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಮನೋರೋಗದ ಔಷಧಗಳಂಥ ತೂಕ ಹೆಚ್ಚಿಸುವ ಮದ್ದುಗಳು ಮತ್ತು ಥೈರಾಯ್ಡ್; ಆಮೇಲೆ ಎಂಡೋಸ್ಕೋಪಿಯಿಂದ ಚೀಲದ ಗಾತ್ರವನ್ನೂ, ಬೈಪಾಸ್ ಆದವರಲ್ಲಿ ಚೀಲಕ್ಕೂ ಬೇರ್ಪಡಿಸಿ ಒಳಗೇ ಬಿಟ್ಟ ಜಠರಕ್ಕೂ ನಡುವೆ ದಾರಿ ತೆರೆದಿದೆಯೇ ಎಂಬುದನ್ನೂ ನೋಡುವುದು. ಹಸಿವು ತಗ್ಗಿಸುವ ಸೆಮಾಗ್ಲುಟೈಡ್‌ನಂಥ ಔಷಧಗಳ ಮಾತು ಇದಾದ ಮೇಲೆ ಬರುತ್ತದೆ, ಮರು ಶಸ್ತ್ರಚಿಕಿತ್ಸೆಯದು ಅದಕ್ಕೂ ನಂತರ.