ಡುಮಾಗೆಟೆ ಕಮ್ಮಟದ ಸುತ್ತ ಮುಗಿಯದ ವಾದ: ಎಡಿತ್ ಟಿಯೆಂಪೊ ಕಲಿಸಿದ್ದೇನು?

ಫಿಲಿಪ್ಪೀನ್ಸ್‌ನ ಇಂಗ್ಲಿಷ್ ಕಾವ್ಯದ ಬಗ್ಗೆ ಯಾವ ಚರ್ಚೆ ಎದ್ದರೂ ಅದು ಸುತ್ತಿ ಬಳಸಿ ಎಡಿತ್ ಟಿಯೆಂಪೊ ಅವರ ಹೆಸರಿಗೆ ಬಂದು ನಿಲ್ಲುತ್ತದೆ. ಒಂದು ಕಡೆಯವರಿಗೆ ಅವರು ಹಲವು ತಲೆಮಾರಿನ ಬರಹಗಾರರನ್ನು ಕೈಹಿಡಿದು ಬೆಳೆಸಿದವರು. ಶಿಷ್ಯರು ಇವತ್ತಿಗೂ 'ಮಾಮ್ ಎಡಿತ್' ಎಂದೇ ನೆನೆಯುತ್ತಾರೆ. ಇನ್ನೊಂದು ಕಡೆಯವರ ತಕರಾರು ಬೇರೆ: ಅವರು ಕಟ್ಟಿದ ಬರಹಗಾರರ ಕಮ್ಮಟ ಅಮೆರಿಕದಿಂದ ತಂದ ಒಂದು ಓದಿನ ಕ್ರಮವನ್ನೇ ಇಡೀ ದೇಶದ ಕಾವ್ಯಕ್ಕೆ ಅಳತೆಗೋಲು ಮಾಡಿಬಿಟ್ಟಿತು. ಒಂದೇ ಹೆಸರಿನಡಿ ಕವಿಯೂ ಅಧ್ಯಾಪಕಿಯೂ ಸಂಸ್ಥೆಯೂ ಸೇರಿಕೊಂಡಿರುವುದರಿಂದ, ಯಾರು ಯಾವುದನ್ನು ಟೀಕಿಸುತ್ತಿದ್ದಾರೆ, ಯಾವುದನ್ನು ಸಮರ್ಥಿಸುತ್ತಿದ್ದಾರೆ ಎನ್ನುವುದೇ ಹೊಸಬರಿಗೆ ತಿಳಿಯದ ಹಾಗಾಗಿದೆ.

ಹಳೆಯ ಕಥೆ ಚಿಕ್ಕದು. 1898ರಲ್ಲಿ ದ್ವೀಪಗಳು ಸ್ಪೇನ್ ಕೈಯಿಂದ ಅಮೆರಿಕದ ಕೈಗೆ ಹೋದವು. 1901ರಲ್ಲಿ ಇಂಗ್ಲಿಷ್ ಶಾಲೆಯ ಭಾಷೆಯಾಯಿತು. ಅದೇ ಆಗಸ್ಟ್‌ನಲ್ಲಿ 'ಥಾಮಸ್' ಎಂಬ ಹಡಗು ಸುಮಾರು ಐನೂರು ಅಮೆರಿಕನ್ ಶಿಕ್ಷಕರನ್ನು ಮನಿಲಾಕ್ಕೆ ತಂದಿಳಿಸಿತು. ಆ ತಿಂಗಳಲ್ಲೇ ನೆಗ್ರೋಸ್ ದ್ವೀಪದ ಡುಮಾಗೆಟೆ ಪಟ್ಟಣದಲ್ಲಿ ಪ್ರೆಸ್ಬಿಟೇರಿಯನ್ ಮಿಷನರಿಗಳು ಶಾಲೆಯೊಂದನ್ನು ತೆರೆದರು. ಅದೇ ಮುಂದೆ ಸಿಲ್ಲಿಮನ್ ವಿಶ್ವವಿದ್ಯಾಲಯ. ನಲವತ್ತು ವರ್ಷ ಕಳೆಯುವುದರೊಳಗೆ ಈ ಭಾಷೆಯಲ್ಲಿ ಕವಿಗಳು ಹುಟ್ಟಿ, ಜಗಳವೂ ಹುಟ್ಟಿತ್ತು. ಕಲೆ ಕಲೆಗಾಗಿ ಎಂದು ಕವಿ ಹೋಸೆ ಗಾರ್ಸಿಯಾ ವಿಲ್ಯಾ ನಿಂತರೆ, ಸಾಹಿತ್ಯ ಸಮಾಜಕ್ಕೆ ಉತ್ತರ ಹೇಳಬೇಕು ಎಂದು ವಿಮರ್ಶಕ ಸಾಲ್ವಡೋರ್ ಲೋಪೆಜ್ ಎದುರು ನಿಂತರು. ಲೋಪೆಜ್ ಅವರ ಪ್ರಬಂಧಗಳೂ, ಫಿಲಿಪ್ಪೀನ್ಸ್‌ನ ಮಹಿಳೆಯೊಬ್ಬರ ಮೊದಲ ಇಂಗ್ಲಿಷ್ ಕವನ ಸಂಕಲನವೂ (ಕವಿ ಏಂಜೆಲಾ ಮನಲಾಂಗ್ ಗ್ಲೋರಿಯಾ) 1940ರಲ್ಲೇ ಪ್ರಕಟವಾದವು. ಇವತ್ತಿನ ವಾದದ ಬೇರು ಅಲ್ಲಿದೆ.

ಎಡಿತ್ ಹುಟ್ಟಿದ್ದು 1919ರ ಏಪ್ರಿಲ್ 22ರಂದು, ಲುಜೋನ್ ದ್ವೀಪದ ಬಯೊಂಬೊಂಗ್‌ನಲ್ಲಿ. 1940ರಲ್ಲಿ ಎಡಿಲ್ಬೆರ್ಟೊ ಟಿಯೆಂಪೊ ಅವರನ್ನು ಮದುವೆಯಾದರು. ಮರುವರ್ಷವೇ ಯುದ್ಧ ಬಂತು. ಜಪಾನಿ ಆಕ್ರಮಣದ ಕಾಲದಲ್ಲಿ ಎಡಿಲ್ಬೆರ್ಟೊ ನೆಗ್ರೋಸ್‌ನ ಗೆರಿಲ್ಲಾ ಹೋರಾಟದ ದಾಖಲೆಗಳನ್ನು ಬರೆದಿಡುತ್ತಿದ್ದರು. ಯುದ್ಧ ಮುಗಿದ ಮೇಲೆ ಎಡಿತ್ 1947ರಲ್ಲಿ ಸಿಲ್ಲಿಮನ್‌ನಿಂದ ಪದವಿ ಪಡೆದು, ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ಬರಹಗಾರರ ಕಮ್ಮಟವನ್ನು ಆಗ ನಡೆಸುತ್ತಿದ್ದವರು ಪಾಲ್ ಎಂಗಲ್.

ಅಮೆರಿಕದ ಇಂಗ್ಲಿಷ್ ವಿಭಾಗಗಳಲ್ಲಿ ಅದು ನವವಿಮರ್ಶೆಯ ಕಾಲ. ಕವಿಯ ಜೀವನ, ಕಾಲ, ಉದ್ದೇಶ ಇವನ್ನೆಲ್ಲ ಪಕ್ಕಕ್ಕಿಟ್ಟು ಪುಟದ ಮೇಲಿರುವ ಮಾತುಗಳನ್ನು ಮಾತ್ರ ಓದಬೇಕು, ಪ್ರತಿಮೆ, ವ್ಯಂಗ್ಯ, ದ್ವಂದ್ವಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ನೋಡಬೇಕು ಎನ್ನುವುದು ಅದರ ಪಾಠ. ಇದೇ ಕ್ರಮ ಇಂಗ್ಲಿಷ್ ಮೇಷ್ಟರುಗಳ ಮೂಲಕ ಕನ್ನಡಕ್ಕೂ ಬಂದು ನವ್ಯದ ವಿಮರ್ಶೆಯಲ್ಲಿ ಹೇಗೆ ನೆಲೆಯೂರಿತು, ಆಮೇಲೆ ಬಂಡಾಯದವರು ಅದನ್ನು ಹೇಗೆ ಪ್ರಶ್ನಿಸಿದರು ಎಂದು ಬಲ್ಲವರಿಗೆ ಮುಂದಿನ ಕಥೆ ಹೊಸದೆನಿಸಲಾರದು.

ದಂಪತಿ 1950ರಲ್ಲಿ ಡುಮಾಗೆಟೆಗೆ ಮರಳಿದರು. ಎಡಿತ್ 1958ರಲ್ಲಿ ಡೆನ್ವರ್ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ. ಪಡೆದರು. 1962ರಲ್ಲಿ ಗಂಡ-ಹೆಂಡತಿ ಸೇರಿ ಅಯೋವಾದ ಮಾದರಿಯಲ್ಲಿ ರಾಷ್ಟ್ರೀಯ ಬರಹಗಾರರ ಕಮ್ಮಟವನ್ನು ಶುರುಮಾಡಿದರು. ಏಷ್ಯಾದಲ್ಲಿ ಈ ಬಗೆಯ ಕಮ್ಮಟಗಳ ಪೈಕಿ ಅದನ್ನೇ ಮೊದಲನೆಯದೆಂದು ಎಣಿಸುವ ರೂಢಿಯಿದೆ.

ಕಮ್ಮಟ ನಡೆಯುವ ಬಗೆ ತಿಳಿಯದೆ ವಾದದ ತಲೆಬುಡ ತಿಳಿಯುವುದಿಲ್ಲ. ಮೇ ತಿಂಗಳ ರಜೆಯಲ್ಲಿ ಮೂರು ವಾರ: ದಶಕಗಳ ಕಾಲ ಇದೇ ಪದ್ಧತಿ. ಕವಿಗಳು ಅರ್ಜಿಯ ಜತೆ ಏಳರಿಂದ ಹತ್ತು ಕವಿತೆ ಕಳಿಸಬೇಕು. ಹಸ್ತಪ್ರತಿಯ ಮೇಲೆ ಗುಪ್ತನಾಮ ಬಿಟ್ಟರೆ ಬೇರೆ ಗುರುತಿರಬಾರದು. ಆಯ್ಕೆಯಾಗುವವರು ಹತ್ತು-ಹದಿನೈದು ಜನ. ಅವರನ್ನು 'ಫೆಲೋ' ಎನ್ನುತ್ತಾರೆ. ಗೋಷ್ಠಿಗೆ ಮೊದಲೇ ಎಲ್ಲರ ಕೈಗೂ ಪ್ರತಿ ಸೇರಿರುತ್ತದೆ. ಬರೆದವರು ಯಾರೆಂದು ಹೇಳದೆ ಚರ್ಚೆ. ಹಿರಿಯರು ಎದುರಿಗೆ, ಫೆಲೋಗಳು ಸುತ್ತ. ಬರೆದವರೂ ಅಲ್ಲೇ ಕೂತು, ತನ್ನದಲ್ಲವೆಂಬಂತೆ ಕೇಳಿಸಿಕೊಳ್ಳಬೇಕು. ಪ್ರಶ್ನೆಗಳು ಬರುವುದು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ. ಇಲ್ಲಿ ಮಾತಾಡುತ್ತಿರುವವರು ಯಾರು, ಯಾರೊಂದಿಗೆ? ಎಲ್ಲಿ, ಯಾವ ಸಂದರ್ಭದಲ್ಲಿ? ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಅವರಲ್ಲಿ ಏನು ಬದಲಾಯಿತು? ಆ ಬದಲಾವಣೆಯನ್ನು ಹೊತ್ತಿರುವ ಪ್ರತಿಮೆ ಯಾವುದು? ಈ ಸಾಲು ತೆಗೆದರೆ ಕವಿತೆಗೆ ಏನು ನಷ್ಟ? ಕೊನೆಯದಕ್ಕೆ ಉತ್ತರ ಸಿಗದಿದ್ದರೆ ಸಾಲು ಹೋಗಬೇಕು.

ಈ ಕ್ರಮದ ಬಲ ನೋಡಲು ಅವರದೇ ಪ್ರಸಿದ್ಧ ಕವಿತೆ 'ಬೊನ್ಸಾಯ್' (ಕುಂಡದಲ್ಲಿ ಕುಬ್ಜವಾಗಿ ಬೆಳೆಸಿದ ಮರ) ಸಾಕು. ನಾಲ್ಕು ಚರಣಗಳ ಪುಟ್ಟ ಪದ್ಯ. ಬೊನ್ಸಾಯ್ ಎಂಬ ಮಾತು ಶೀರ್ಷಿಕೆಯಲ್ಲಿದೆಯೇ ಹೊರತು ಪದ್ಯದೊಳಗೆಲ್ಲೂ ಇಲ್ಲ. ಪ್ರೀತಿಸಿದ್ದನ್ನೆಲ್ಲ ಮಡಿಚಿ, ಮತ್ತೊಮ್ಮೆ ಮಡಿಚಿ, ಪೆಟ್ಟಿಗೆಯಲ್ಲೋ ಟೊಳ್ಳು ಕಂಬದ ಸೀಳಿನಲ್ಲೋ ಬೂಟಿನೊಳಗೋ ಇಡುವ ಹೆಂಗಸಿನ ಮಾತಿನಿಂದ ಶುರು. ಎರಡನೆಯ ಚರಣ ಆ ಮಾತನ್ನೇ ತಿರುಗಿ ಪ್ರಶ್ನಿಸಿ, ಒಂದು ಪಟ್ಟಿ ಕೊಡುತ್ತದೆ: ಮಗನ ಚೀಟಿ, ಕಣ್ಣಿಗೆ ಹೊಡೆಯುವ ಬಣ್ಣದ ಟೈ, ಪತ್ರಿಕೆಯಲ್ಲಿ ಅಚ್ಚಾದ ರಾಣಿಯ ಚಿತ್ರ, ನೀಲಿಯ ಭಾರತೀಯ ಶಾಲು, ಒಂದು ನೋಟು. ಎಲ್ಲವೂ ಮಡಚಲು ಬರುವಂಥವೇ. ಮೂರನೆಯದರಲ್ಲಿ ಅಮೂರ್ತ ಮಾತು ಬರುತ್ತದೆ, ಪ್ರೀತಿಯನ್ನು ಬೊಗಸೆಯ ಅಳತೆಗೆ ಇಳಿಸುವ ಮನಸ್ಸಿನ ಹಿಡಿತದ ಬಗ್ಗೆ. ಹೊಸ ಕವಿಗಳ ಪದ್ಯ ಕೆಡುವುದು ಸಾಮಾನ್ಯವಾಗಿ ಇಂಥ ಜಾಗದಲ್ಲೇ; ತತ್ವವನ್ನು ಮೊದಲು ಹೇಳಿ ಉದಾಹರಣೆ ಆಮೇಲೆ ಹುಡುಕುತ್ತಾರೆ. ಇಲ್ಲಿ ಹಾಗಾಗಿಲ್ಲ. ಪಟ್ಟಿ ಮೊದಲೇ ಬಂದಿರುವುದರಿಂದ ಆ ಅಮೂರ್ತ ಮಾತಿಗೆ ಕಾಲೂರಲು ನೆಲ ಸಿಕ್ಕಿದೆ. ಕೊನೆಯ ಚರಣ ಸಮುದ್ರದ ಚಿಪ್ಪುಗಳಿಗೆ ಬಂದು, ಏದುಸಿರು ಬಿಡುತ್ತ ಓಡಿಹೋಗಿ ಮಗುವಿನ ಕೈಗಿಡಬಹುದಾದ ವಸ್ತುವಾಗಿ ಬದುಕನ್ನು ಮಾಡುತ್ತದೆ. ಮಡಿಚಿ ಬಚ್ಚಿಡುವುದರಿಂದ ಹೊರಟ ಪದ್ಯ ಕೊಡುವುದಕ್ಕೆ ಬಂದು ಮುಟ್ಟಿದೆ. ಇಷ್ಟನ್ನು ಕಾಣಲು ಕವಿಯ ಚರಿತ್ರೆ ಬೇಕಿಲ್ಲ.

ತೊಂದರೆ ಶುರುವಾಗುವುದು ಚರಿತ್ರೆ ಬೇಕೇ ಬೇಕಾದ ಪದ್ಯಗಳ ಹತ್ತಿರ. 1972ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಮಾರ್ಕೋಸ್ ಸೈನಿಕ ಕಾನೂನು ಹೇರಿದರು. ಬಂಧನ, ಕಣ್ಮರೆ, ಸೆನ್ಸಾರ್‌ಗಳ ನಡುವೆ ಬರೆದ ಪದ್ಯ ಓದುಗರಿಗೆ ಗೊತ್ತಿರುವ ಘಟನೆಯನ್ನು ನೆಚ್ಚಿಕೊಂಡಿರುತ್ತದೆ. ಅಂಥದನ್ನು 'ತನ್ನಲ್ಲೇ ಪೂರ್ಣವಲ್ಲ' ಎಂದು ಬದಿಗಿಡುವ ಅಪಾಯ ಈ ವಿಧಾನದೊಳಗೇ ಇದೆ. ಎರಡನೆಯ ತಕರಾರು ಭಾಷೆಯದು. ಡುಮಾಗೆಟೆಯ ಬೀದಿಯ ಮಾತು ಸೆಬುವಾನೊ, ಗೋಷ್ಠಿಯ ಮಾತು ಇಂಗ್ಲಿಷ್. ಸೆಬುವಾನೊದ ಲಯದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದ ಸಾಲನ್ನು ಇಂಗ್ಲಿಷಿನ ರೂಢಿಯಿಂದ ತಿದ್ದಿದಾಗ ತಪ್ಪಿನ ಜತೆಗೆ ದನಿಯೂ ಹೋಗಬಹುದು. ಮೂರನೆಯದು ಇನ್ನೂ ಸೂಕ್ಷ್ಮ. ಕಮ್ಮಟದಲ್ಲಿ ಫೆಲೋ ಆದವರು ಮುಂದೆ ಅಧ್ಯಾಪಕರಾಗಿ, ಸಂಪಾದಕರಾಗಿ, ಬಹುಮಾನದ ತೀರ್ಪುಗಾರರಾಗಿ, ಮತ್ತೆ ಅದೇ ಕಮ್ಮಟದ ಹಿರಿಯರಾಗಿ ಕೂತಾಗ, ಒಂದೇ ಬಗೆಯ ಪದ್ಯ ಗೆಲ್ಲುತ್ತ ಹೋಗುತ್ತದೆ: ಚಿಕ್ಕದು, ಒಂದೇ ಪ್ರತಿಮೆಯದು, ಕೊನೆಯಲ್ಲಿ ತಿರುವು ಇರುವಂಥದು. ಇದಕ್ಕೆ ಯಾರ ಸಂಚೂ ಬೇಕಿಲ್ಲ. ವ್ಯವಸ್ಥೆ ತನ್ನಷ್ಟಕ್ಕೆ ಹೀಗೆ ಕೆಲಸ ಮಾಡುತ್ತದೆ.

ಈಚೆಗೆ ಶೀತಲ ಸಮರದ ಪ್ರಶ್ನೆಯೂ ಸೇರಿದೆ. ಅಯೋವಾದ ಕಮ್ಮಟಕ್ಕೂ ಅಮೆರಿಕದ ವಿದೇಶಾಂಗ ಆಸಕ್ತಿಗಳಿಗೂ ಇದ್ದ ನಂಟನ್ನು ಲೇಖಕ ಎರಿಕ್ ಬೆನೆಟ್ 2015ರ ಪುಸ್ತಕದಲ್ಲಿ ಬಿಡಿಸಿಟ್ಟರು; 2017ರಲ್ಲಿ ಕವಿ ಕಾಂಚಿಟಿನಾ ಕ್ರೂಜ್ ಆ ಎಳೆಯನ್ನು ಡುಮಾಗೆಟೆಯ ತನಕ ತಂದು ದೀರ್ಘ ಪ್ರಬಂಧ ಬರೆದರು. ಗಂಭೀರವಾಗಿ ಓದಬೇಕಾದ ಕೆಲಸ ಇವು. ಆದರೆ ಚರ್ಚೆಯ ಬಿಸಿಯಲ್ಲಿ ಕಾಲ ಕಲಸಿಹೋಗುವುದುಂಟು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಹಣದ ಕಾಲುವೆಯಾಗಿದ್ದ ಫಾರ್‌ಫೀಲ್ಡ್ ಪ್ರತಿಷ್ಠಾನದ ನೆರವು ಸೇರಿದ್ದು ಅಯೋವಾದಲ್ಲೇ 1967ರಲ್ಲಿ ಶುರುವಾದ ಅಂತರರಾಷ್ಟ್ರೀಯ ಬರಹ ಕಾರ್ಯಕ್ರಮಕ್ಕೆ. ಟಿಯೆಂಪೊ ದಂಪತಿ ಅಯೋವಾದಲ್ಲಿ ಓದು ಮುಗಿಸಿ ಆಗ 17 ವರ್ಷವಾಗಿತ್ತು.

ಟೀಕಾಕಾರರೂ ಅಭಿಮಾನಿಗಳೂ ಕಡಿಮೆ ಓದುವುದು ಎಡಿತ್ ಅವರ ಪದ್ಯಗಳನ್ನೇ. 'ಲಮೆಂಟ್ ಫಾರ್ ದ ಲಿಟ್ಲೆಸ್ಟ್ ಫೆಲೋ' ನೋಡಿ. ಪಂಜರದ ಪುಟ್ಟ ಕೋತಿಯೊಂದರ ಮುಂದೆ ಗಂಡ ಹೆಂಡತಿಯ ಬೆರಳುಗಳನ್ನು ಸರಳಿನ ಮೇಲಿಟ್ಟು, ನೀನೂ ಪಂಜರದಲ್ಲಿರುವ ಇನ್ನೊಂದು ಕೋತಿ ಅಂದುಕೊಂಡಿದೆ ಅದು ಎಂದು ನಗುತ್ತಾನೆ. ಅವಳೊಳಗೆ ಒಂದು ಪ್ರಶ್ನೆ ಏಳುತ್ತದೆ, ಕೇಳುವುದಿಲ್ಲ. ಕೊನೆಗೆ ನಿದ್ದೆಯಿಂದ ಎಚ್ಚೆತ್ತ ಗಂಡನ ಮೈಯೇ ಅವಳ ಕೈ ತರಚುವ ಜೀವಂತ ಪಂಜರ. ಮದುವೆಯೊಳಗಿನ ಅಧಿಕಾರದ ಬಗ್ಗೆ ಇದಕ್ಕಿಂತ ನೇರವಾದ ಪದ್ಯ ಅಪರೂಪ. ಸಮಾಜ ಈ ಕಾವ್ಯದಲ್ಲಿ ಇಲ್ಲ ಎನ್ನುವುದು ಸುಳ್ಳು. ಅದನ್ನು ಹೆಸರಿಟ್ಟು ಚರ್ಚಿಸುವ ಮಾತು ಗೋಷ್ಠಿಯ ಪ್ರಶ್ನೆಪಟ್ಟಿಯಲ್ಲಿ ಇರಲಿಲ್ಲ ಎನ್ನುವುದು ನಿಜ.

1990ರ ದಶಕದಲ್ಲಿ ಕಮ್ಮಟಕ್ಕೆ ವಿಶ್ವವಿದ್ಯಾಲಯದ ಆಸರೆ ತಪ್ಪಿತು. ಹಳೆಯ ಫೆಲೋಗಳೇ ಮುಂದೆ ನಿಂತು ನಡೆಸಿದರು, ಬಳಿಕ ಅದು ಮತ್ತೆ ಸಿಲ್ಲಿಮನ್‌ಗೆ ಮರಳಿತು. ಎಡಿಲ್ಬೆರ್ಟೊ 1996ರಲ್ಲಿ ತೀರಿಕೊಂಡರು. 1999ರಲ್ಲಿ ಎಡಿತ್ ರಾಷ್ಟ್ರೀಯ ಕಲಾವಿದೆ ಗೌರವ ಪಡೆದರು. ಸಾಹಿತ್ಯಕ್ಕೆ ಆ ಗೌರವ ಪಡೆದ ಮೊದಲ ಮಹಿಳೆ ಅವರೇ. 2011ರ ಮೇ ತಿಂಗಳಲ್ಲಿ ಐವತ್ತನೆಯ ಕಮ್ಮಟ ನಡೆಯಿತು. ಅದೇ ಆಗಸ್ಟ್ 21ರಂದು, 92ನೆಯ ವಯಸ್ಸಿನಲ್ಲಿ ಅವರು ಡುಮಾಗೆಟೆಯಲ್ಲಿ ನಿಧನರಾದರು. ಕಮ್ಮಟಕ್ಕೆ ಈಗ ತಾಲಿನಿಸ್ ಬೆಟ್ಟದ ತಪ್ಪಲಿನ ವಲೆನ್ಸಿಯಾದಲ್ಲಿ ತನ್ನದೇ ನೆಲೆಯಿದೆ.

ಭಾಷೆಯ ತಕರಾರಿಗೆ ಗಟ್ಟಿಯಾದ ಉತ್ತರ ಕೊಟ್ಟವರು ಶಿಷ್ಯರೇ. ಸಿಲ್ಲಿಮನ್‌ನಲ್ಲಿ ಓದಿದ ಮೆರ್ಲಿ ಅಲುನಾನ್ ಸೆಬುವಾನೊ ಮತ್ತು ವರಾಯ್ ಭಾಷೆಗಳಲ್ಲಿ ಬರೆದು, ವಿಸಾಯಾ ಪ್ರದೇಶದ ಭಾಷೆಗಳ ಸಾಹಿತ್ಯವನ್ನು ಸಂಪುಟವಾಗಿ ಸಂಪಾದಿಸಿದರು. ಮಾರ್ಜರಿ ಎವಾಸ್ಕೊ ಇಂಗ್ಲಿಷ್ ಮತ್ತು ಸೆಬುವಾನೊ ಎರಡರಲ್ಲೂ ಕವಿತೆ ಕಟ್ಟುತ್ತಾರೆ. ಮಿಂಡನಾವೊ ದ್ವೀಪದ ಇಲಿಗಾನ್‌ನಲ್ಲಿ ಸಿಲ್ಲಿಮನ್‌ನ ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿದ ಕಮ್ಮಟ ಸ್ಥಳೀಯ ಭಾಷೆಗಳ ಹಸ್ತಪ್ರತಿಗಳಿಗೂ ಬಾಗಿಲು ತೆರೆದಿದೆ. ಸಾಲು ಸಾಲಾಗಿ ಓದುವ ಅಭ್ಯಾಸವನ್ನು ಇವರು ಬಿಟ್ಟಿಲ್ಲ. ಯಾವ ಭಾಷೆಯ ಸಾಲು ಎನ್ನುವುದನ್ನು ಬದಲಿಸಿದ್ದಾರೆ.

ಶಾಲೆಯ ನೀತಿ ಮಾತ್ರ ಹಿಂದುಮುಂದಾಗುತ್ತಲೇ ಇದೆ. 2012ರ ನಂತರ ಕೆಳ ತರಗತಿಗಳಲ್ಲಿ ಮಾತೃಭಾಷೆ ಬೋಧನಾ ಮಾಧ್ಯಮವಾಗಿತ್ತು. 2024ರ ಅಕ್ಟೋಬರ್‌ನ ಕಾಯ್ದೆ ಆ ಕಡ್ಡಾಯವನ್ನು ತೆಗೆದು, ರಾಷ್ಟ್ರಭಾಷೆಯಾದ ಫಿಲಿಪಿನೊ ಮತ್ತು ಇಂಗ್ಲಿಷನ್ನು ಮುಂದಕ್ಕೆ ತಂದು, ಸ್ಥಳೀಯ ಭಾಷೆಯನ್ನು ಸಹಾಯಕ ಮಾಧ್ಯಮವಾಗಿ ಉಳಿಸಿದೆ. ಸೆಬುವಾನೊದಲ್ಲಿ ಅಕ್ಷರ ಕಲಿತ ಮೊದಲ ಮಕ್ಕಳು ಕಮ್ಮಟಕ್ಕೆ ಅರ್ಜಿ ಹಾಕುವ ವಯಸ್ಸಿಗೆ ಬರುತ್ತಿರುವುದು ಈಗಷ್ಟೇ. ಅವರ ಹಸ್ತಪ್ರತಿಗಳನ್ನು ಓದಲು ಸೆಬುವಾನೊ ಕಾವ್ಯ ಬಲ್ಲ ಹಿರಿಯರು ಗೋಷ್ಠಿಯಲ್ಲಿ ಎಷ್ಟು ಮಂದಿ ಇರುತ್ತಾರೆ ಎನ್ನುವುದನ್ನು ಸಂಘಟಕರು ಈಗಲೇ ತೀರ್ಮಾನಿಸಬೇಕು.