ನವೋದಯ: ಪರೀಕ್ಷೆಯ ಹೆಸರು, ಶಾಲೆಯ ಹೆಸರು

ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿಗೆ ಪಾಠ ಮಾಡುವ ನನ್ನನ್ನು ಪ್ರತಿ ಮಳೆಗಾಲದಲ್ಲೂ ಯಾರಾದರೂ ತಂದೆ ತಾಯಿ ಕೇಳುತ್ತಾರೆ. "ಮೇಷ್ಟ್ರೇ, ನಮ್ಮ ಹುಡುಗಿಗೂ ಈ ಸಲ ನವೋದಯ ಕಟ್ಟಿಸೋಣ್ವಾ?" ಕಟ್ಟಿಸುವುದು ಅಂದರೆ ಪರೀಕ್ಷೆಗೆ ಅರ್ಜಿ ಹಾಕಿಸುವುದು. ಅವರ ಮಾತಿನಲ್ಲಿ ನವೋದಯ ಒಂದು ಪರೀಕ್ಷೆ. ಫಲಿತಾಂಶ ಬಂದು ಮಗು ಆಯ್ಕೆಯಾದರೆ ಅದೇ ಪದ ಶಾಲೆಯಾಗುತ್ತದೆ: "ಅವಳು ನವೋದಯದಲ್ಲಿದ್ದಾಳೆ." ಹತ್ತು ಹದಿನೈದು ವರ್ಷ ಕಳೆದ ಮೇಲೆ ಅದು ಊರು ಕೇರಿಯ ಹಾಗೆ ಒಂದು ಗುರುತು: "ಅವರು ನವೋದಯದವರು." ಅಲ್ಲಿ ಓದಿದವರು ತಮ್ಮನ್ನು ನವೋದಯನ್ ಎಂದು ಕರೆದುಕೊಳ್ಳುತ್ತಾರೆ.

ಪದವನ್ನು ಬಿಡಿಸುವುದು ಸುಲಭ. ನವ ಮತ್ತು ಉದಯ ಸೇರಿದರೆ ನವೋದಯ. ಗುಣಸಂಧಿಗೆ ಒಳ್ಳೆಯ ಉದಾಹರಣೆ. ಹೊಸ ಹುಟ್ಟು, ಹೊಸ ಬೆಳಗು ಎಂಬ ಅರ್ಥ. ಕನ್ನಡ ಎಂ.ಎ. ಓದಿದವರಿಗೆ ಈ ಪದ ಕೇಳಿದ ತಕ್ಷಣ 20ನೇ ಶತಮಾನದ ಮೊದಲ ಭಾಗದ ಸಾಹಿತ್ಯ ನೆನಪಾಗುತ್ತದೆ. ಹಳ್ಳಿಯಲ್ಲಿ ಮಾತ್ರ ಆ ಅರ್ಥ ಯಾರ ಬಾಯಲ್ಲೂ ಬರುವುದಿಲ್ಲ. ಅಲ್ಲಿ ನವೋದಯ ಅಂದರೆ ಜವಾಹರ್ ನವೋದಯ ವಿದ್ಯಾಲಯ: ಕೇಂದ್ರ ಸರ್ಕಾರ ನಡೆಸುವ, ಪರೀಕ್ಷೆ ಮೂಲಕ ಮಕ್ಕಳನ್ನು ಆರಿಸಿಕೊಳ್ಳುವ, 6ರಿಂದ 12ನೇ ತರಗತಿವರೆಗಿನ ವಸತಿ ಶಾಲೆ.

ಬೇರೆ ಶಾಲೆಗಳ ಜೊತೆ ಇದನ್ನು ಬೆರೆಸಿಬಿಡುವವರು ಬಹಳ. ಕೇಂದ್ರೀಯ ವಿದ್ಯಾಲಯ ಬೇರೆ. ಅದು ಮುಖ್ಯವಾಗಿ ವರ್ಗಾವಣೆಯಾಗುವ ಕೇಂದ್ರ ನೌಕರರ ಮಕ್ಕಳಿಗಾಗಿ ಶುರುವಾದದ್ದು. ಮೊರಾರ್ಜಿ ಶಾಲೆಗಳೂ ವಸತಿ ಶಾಲೆಗಳೇ, ಅಲ್ಲೂ ಆರನೇ ತರಗತಿಗೆ ಪರೀಕ್ಷೆ ಇದೆ. ಆದರೆ ಅವು ನಮ್ಮ ರಾಜ್ಯ ಸರ್ಕಾರದವು. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳ ದಾರಿಯೇ ಬೇರೆ.

ನವೋದಯದ ಕಥೆ 1985-86ರಲ್ಲಿ ಶುರುವಾಯಿತು. ರಾಜೀವ್ ಗಾಂಧಿ ಪ್ರಧಾನಿ, ಪಿ.ವಿ. ನರಸಿಂಹ ರಾವ್ ಮಾನವ ಸಂಪನ್ಮೂಲ ಮಂತ್ರಿ. ರಾಯರಿಗೆ ಈ ತರಹದ ಶಾಲೆ ಹೊಸದಲ್ಲ. ಆಂಧ್ರದ ಮುಖ್ಯಮಂತ್ರಿಯಾಗಿದ್ದಾಗ, 1971ರಲ್ಲಿ, ನಲ್ಗೊಂಡ ಜಿಲ್ಲೆಯ ಸರ್ವೇಲ್ ಎಂಬ ಹಳ್ಳಿಯಲ್ಲಿ ಬಡ ಪ್ರತಿಭಾವಂತ ಮಕ್ಕಳಿಗೆ ವಸತಿ ಶಾಲೆ ಶುರುವಾಗಿತ್ತು. ಮೊದಲ ಎರಡು ನವೋದಯಗಳು ಹರಿಯಾಣದ ಝಜ್ಜರ್‌ನಲ್ಲಿ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ತೆರೆದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಇವಕ್ಕೆ ಒಂದು ವಿಶೇಷಣ ಕೊಟ್ಟಿತು. ಕನ್ನಡದಲ್ಲಿ ಅದನ್ನು ಗತಿ ನಿರ್ಧರಿಸುವ ಶಾಲೆ ಎನ್ನಬಹುದು. ಓಟದಲ್ಲಿ ಒಬ್ಬ ಮುಂದೆ ಓಡುತ್ತಾನೆ, ಅವನ ವೇಗ ನೋಡಿ ಉಳಿದವರೂ ಓಡುತ್ತಾರೆ. ಆ ಮುಂದಿನ ಓಟಗಾರನ ಕೆಲಸ ಈ ಶಾಲೆಯದ್ದು. ಈ ಮಾತನ್ನು ನೆನಪಿಡಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಆಲೋಚನೆ ಸರಳವಾಗಿತ್ತು. ಚುರುಕಾದ ಮಗು ಎಲ್ಲಿ ಬೇಕಾದರೂ ಹುಟ್ಟುತ್ತದೆ, ಒಳ್ಳೆಯ ಶಾಲೆ ಮಾತ್ರ ದುಡ್ಡಿರುವ ಕಡೆ ಇರುತ್ತದೆ. ಹಾಗಾದರೆ ಪ್ರತಿ ಜಿಲ್ಲೆಗೊಂದು ಒಳ್ಳೆಯ ಶಾಲೆ ಕಟ್ಟೋಣ, ಕೊಡುವ ಶಕ್ತಿ ಇದೆಯಾ ಇಲ್ಲವಾ ಎಂದು ನೋಡದೆ ಮಕ್ಕಳನ್ನು ಸೇರಿಸಿಕೊಳ್ಳೋಣ ಎಂದರು. ಜಾಗ ಕೊಡುವ ಹೊಣೆ ರಾಜ್ಯ ಸರ್ಕಾರದ್ದು, ಸುಮಾರು 30 ಎಕರೆ. ಅಷ್ಟು ಜಾಗ ಪೇಟೆಯೊಳಗೆ ಎಲ್ಲಿ ಸಿಗುತ್ತದೆ? ಹಾಗಾಗಿ ನವೋದಯಗಳು ಊರಾಚೆ ಎದ್ದವು. ಕೊಡಗಿನದ್ದು ಗಾಳಿಬೀಡಿನಲ್ಲಿ, ಶಿವಮೊಗ್ಗದ್ದು ಗಾಜನೂರಿನಲ್ಲಿ, ದಕ್ಷಿಣ ಕನ್ನಡದ್ದು ಮುಡಿಪುವಿನಲ್ಲಿ, ಹಾಸನದ್ದು ಮಾವಿನಕೆರೆಯಲ್ಲಿ. ಜನ ಶಾಲೆಯನ್ನು ಆ ಊರಿನ ಹೆಸರಿನಿಂದಲೇ ಕರೆಯುತ್ತಾರೆ. "ಗಾಜನೂರಲ್ಲಿ ಓದಿದ್ದು" ಅಂದರೆ ಶಿವಮೊಗ್ಗದ ಕಡೆಯವರಿಗೆ ಬೇರೆ ವಿವರಣೆ ಬೇಡ.

ಈಗ ಪರೀಕ್ಷೆ. ಐದನೇ ಕ್ಲಾಸಿನಲ್ಲಿರುವಾಗ ಬರೆಯಬೇಕು, ಜೀವನದಲ್ಲಿ ಒಂದೇ ಸಲ. ಆಮೇಲೆ ಖಾಲಿ ಸೀಟುಗಳಿಗೆ 9 ಮತ್ತು 11ನೇ ತರಗತಿಯಲ್ಲೂ ಪ್ರವೇಶವಿದೆ, ಆದರೆ ದೊಡ್ಡ ಬಾಗಿಲು ಆರನೆಯದೇ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಇದರಲ್ಲಿ ಅಂಕಗಣಿತಕ್ಕೆ 25, ಭಾಷೆಗೆ 25. ಉಳಿದ 50 ಅಂಕ ಮಾನಸಿಕ ಸಾಮರ್ಥ್ಯಕ್ಕೆ, ಅಂದರೆ ಬರೀ ಚಿತ್ರಗಳು. ನಾಲ್ಕು ಚಿತ್ರದಲ್ಲಿ ಗುಂಪಿಗೆ ಸೇರದ್ದು ಯಾವುದು? ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ? ಕಾಗದವನ್ನು ಮಡಚಿ ತೂತು ಹೊಡೆದು ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಇರುತ್ತವೆ? ದೊಡ್ಡ ಚಿತ್ರದೊಳಗೆ ಈ ಚಿಕ್ಕ ಚಿತ್ರ ಎಲ್ಲಿ ಅಡಗಿದೆ?

ನನಗೆ ಈ ಪರೀಕ್ಷೆಯ ಮೇಲೆ ಗೌರವವಿರುವುದು ಈ 50 ಅಂಕಗಳಿಂದಲೇ. ಚಿತ್ರ ನೋಡುವುದಕ್ಕೆ ಇಂಗ್ಲಿಷ್ ಬೇಕಿಲ್ಲ, ಮನೆಯಲ್ಲಿ ಪುಸ್ತಕದ ಕಪಾಟು ಬೇಕಿಲ್ಲ. ಕೂಲಿ ಮಾಡುವವರ ಮನೆಯ ಹುಡುಗ ರಂಗೋಲಿಯ ಚುಕ್ಕಿ ಎಣಿಸಿ, ಬುಟ್ಟಿ ಹೆಣೆಯುವುದನ್ನು ನೋಡಿ ಕಲಿತ ಕಣ್ಣಿನಿಂದಲೇ ಉತ್ತರ ಹುಡುಕಬಹುದು. ಪ್ರಶ್ನೆಪತ್ರಿಕೆಯೂ ಕನ್ನಡದಲ್ಲೇ ಸಿಗುತ್ತದೆ. ಹತ್ತು ವರ್ಷದ ಮಗುವನ್ನು ಅಳೆಯುವುದು ಸರಿಯಾ ಎಂಬ ಪ್ರಶ್ನೆ ಬೇರೆ. ಅಳೆಯಲೇಬೇಕು ಅಂದರೆ ಇದು ಬಡವರ ಮಕ್ಕಳಿಗೆ ಕಡಿಮೆ ಅನ್ಯಾಯ ಮಾಡುವ ಕೋಲು.

ಮೀಸಲಾತಿಯೂ ಇದೇ ದಿಕ್ಕಿನದು. ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಅನ್ನಿಸಿಕೊಳ್ಳಬೇಕಾದರೆ 3, 4, 5ನೇ ತರಗತಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಜಿಲ್ಲೆಯ ಜನಸಂಖ್ಯೆಗೆ ತಕ್ಕ ಹಾಗೆ. ಇತ್ತೀಚೆಗೆ ಹಿಂದುಳಿದ ವರ್ಗಗಳಿಗೂ ಮೀಸಲಾತಿ ಸೇರಿದೆ. ಒಂದು ಶಾಲೆಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು, 40ರ ಎರಡು ಸೆಕ್ಷನ್. ದೇಶದ 650ಕ್ಕೂ ಜಾಸ್ತಿ ಶಾಲೆಗಳನ್ನು ಕೂಡಿಸಿದರೆ ಸುಮಾರು 50 ಸಾವಿರ ಸೀಟು. ಅರ್ಜಿ ಹಾಕುವವರು 20 ಲಕ್ಷಕ್ಕೂ ಜಾಸ್ತಿ.

ಈ ಲೆಕ್ಕವೇ ಕೋಚಿಂಗ್ ಅಂಗಡಿಗಳನ್ನು ಹುಟ್ಟಿಸಿದೆ. ನನ್ನ ಕ್ಲಾಸಿನಿಂದಲೇ ಒಂದು ವರ್ಷ ಮೂರು ಮಕ್ಕಳನ್ನು ಒಂದು ಕೋಚಿಂಗ್ ಸೆಂಟರ್‌ಗೆ ಕರೆದುಕೊಂಡು ಹೋದರು. ಹಾಜರಿ ನಮ್ಮಲ್ಲಿ, ಮಕ್ಕಳು ಅಲ್ಲಿ. ಬೆಳಗಿನಿಂದ ರಾತ್ರಿವರೆಗೆ ಅದೇ ಕಾಗದ ಮಡಚುವ ಚಿತ್ರ. ಒಬ್ಬ ಹುಡುಗನ ಅಪ್ಪ ಅದಕ್ಕಾಗಿ ಒಂದು ಹಸು ಮಾರಿದ್ದರು. ಮೂವರಲ್ಲಿ ಯಾರಿಗೂ ಸಿಗಲಿಲ್ಲ. ಆ ಹುಡುಗ ಮತ್ತೆ ನಮ್ಮ ಶಾಲೆಗೆ ಬಂದಾಗ ಕೈ ಎತ್ತಿ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದ. ಬಡವರಿಗಾಗಿ ಮಾಡಿದ ಪರೀಕ್ಷೆಗೆ ಬಡವರೇ ದುಡ್ಡು ಸುರಿಯುವ ಹಾಗಾದರೆ ನೋಡುವವರ ಹೊಟ್ಟೆ ಉರಿಯುತ್ತದೆ.

ಆಯ್ಕೆಯಾದವರ ಕಥೆ ಒಂದು ತಗಡಿನ ಟ್ರಂಕ್‌ನಿಂದ ಶುರುವಾಗುತ್ತದೆ. ಅದರ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು. ಒಳಗೆ ತಟ್ಟೆ, ಲೋಟ, ಬೀಗ, ಅಮ್ಮ ಕಟ್ಟಿಕೊಟ್ಟ ಚಕ್ಕುಲಿ. ಊಟ, ವಸತಿ, ಬಟ್ಟೆ, ಪುಸ್ತಕ, ಪಾಠ ಎಲ್ಲ ಸರ್ಕಾರದ್ದೇ. 9ನೇ ತರಗತಿಯಿಂದ ಕೆಲವರು ತಿಂಗಳಿಗೆ 600 ರೂಪಾಯಿ ವಿದ್ಯಾಲಯ ವಿಕಾಸ ನಿಧಿಗೆ ಕಟ್ಟಬೇಕು, ಸರ್ಕಾರಿ ನೌಕರರ ಮಕ್ಕಳಾದರೆ ಅದಕ್ಕಿಂತ ಜಾಸ್ತಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಮಕ್ಕಳನ್ನು ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ ಎಂಬ ನಾಲ್ಕು ಹೌಸ್‌ಗಳಿಗೆ ಹಂಚುತ್ತಾರೆ. ದೇಶದ ಯಾವ ನವೋದಯಕ್ಕೆ ಹೋದರೂ ಇವೇ ನಾಲ್ಕು ಹೆಸರು. ಅದಕ್ಕೇ ಬಿಹಾರದ ನವೋದಯನ್ ಒಬ್ಬರು ಬೆಂಗಳೂರಿನಲ್ಲಿ ಬಳ್ಳಾರಿಯ ನವೋದಯನ್‌ಗೆ ಸಿಕ್ಕರೆ ಮೊದಲ ಪ್ರಶ್ನೆ "ಯಾವ ಹೌಸ್?" ಎಂದೇ ಇರುತ್ತದೆ.

ಇನ್ನು ಈ ಶಾಲೆಗಳ ನಿಘಂಟಿನಲ್ಲಿ ನನಗೆ ಬಹಳ ಇಷ್ಟವಾದ ಪದ ಮೈಗ್ರೇಷನ್. ಬೇರೆ ಕಡೆ ಅದು ಗುಳೆ, ವಲಸೆ. ನವೋದಯದಲ್ಲಿ ಅದು ಒಂಬತ್ತನೇ ತರಗತಿ. ಆ ವರ್ಷ ಶೇ 30ರಷ್ಟು ಮಕ್ಕಳು ಹಿಂದಿ ಪ್ರದೇಶದ ಒಂದು ನವೋದಯಕ್ಕೆ ಹೋಗುತ್ತಾರೆ, ಅಲ್ಲಿಂದ ಅಷ್ಟೇ ಮಕ್ಕಳು ಇಲ್ಲಿಗೆ ಬರುತ್ತಾರೆ. ನಮ್ಮ ಮುದ್ದೆಯ ಹುಡುಗ ಒಂದು ವರ್ಷ ರೊಟ್ಟಿ, ದಾಲ್ ತಿಂದು, ಉತ್ತರದ ಚಳಿಯಲ್ಲಿ ನಡುಗಿ ಬರುತ್ತಾನೆ. ಅಲ್ಲಿಂದ ಬಂದವರು ಇಲ್ಲಿ ಕನ್ನಡ ಅಕ್ಷರ ತಿದ್ದುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೋಗುವಾಗ ಮೂರು ದಿನ ಅತ್ತಿದ್ದಳಂತೆ. ವಾಪಸ್ ಬರುವಾಗ ಅಲ್ಲಿನ ಗೆಳತಿಯರನ್ನು ಬಿಟ್ಟು ಬರುವುದಕ್ಕೆ ಮತ್ತೆ ಅತ್ತಳಂತೆ. ಭಾಷೆಗಳ ಬಗ್ಗೆ ದೊಡ್ಡವರು ಬಡಿದಾಡುವ ದೇಶದಲ್ಲಿ ಹದಿನಾಲ್ಕು ವರ್ಷದ ಮಕ್ಕಳು ಸುಮ್ನೆ ಒಬ್ಬರ ಭಾಷೆ ಒಬ್ಬರು ಕಲಿತು ಬರುವುದು ಸಣ್ಣ ವಿಷಯವಲ್ಲ.

ಆದರೆ ಇದೇ ಭಾಷೆಯ ವಿಷಯಕ್ಕೆ ತಮಿಳುನಾಡಿನಲ್ಲಿ ನವೋದಯ ಇಲ್ಲ. 1968ರಿಂದ ಅಲ್ಲಿ ದ್ವಿಭಾಷಾ ನೀತಿ, ಅಂದರೆ ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್ ಮಾತ್ರ. ನವೋದಯದಲ್ಲಿ ಹಿಂದಿ ಇದೆ. 7 ಅಥವಾ 8ನೇ ತರಗತಿವರೆಗೆ ಮಾತೃಭಾಷೆ ಅಥವಾ ಪ್ರಾಂತ್ಯದ ಭಾಷೆಯಲ್ಲಿ ಪಾಠ, ಆಮೇಲೆ ಗಣಿತ ವಿಜ್ಞಾನ ಇಂಗ್ಲಿಷಿನಲ್ಲಿ, ಸಮಾಜ ವಿಜ್ಞಾನ ಹಿಂದಿಯಲ್ಲಿ ಎಂಬುದು ನಿಯಮ. ತಮಿಳರ ಆ ಆತಂಕವನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಐದನೇ ಕ್ಲಾಸಿನಲ್ಲಿ ಸೊಗಸಾಗಿ ಕನ್ನಡ ಪ್ರಬಂಧ ಬರೆಯುತ್ತಿದ್ದ ಮಕ್ಕಳು ಹತ್ತನೇ ಕ್ಲಾಸಿನ ಹೊತ್ತಿಗೆ ಕನ್ನಡದಲ್ಲಿ ಪತ್ರ ಬರೆಯಲು ತಡವರಿಸುವುದನ್ನು ನಾನೇ ಕಂಡಿದ್ದೇನೆ.

ಈ ಶಾಲೆಗಳು ಗಳಿಸಿದ ಒಳ್ಳೆಯ ಹೆಸರಿನ ಬಗ್ಗೆ ಹೇಳುವುದಾದರೆ, ಫಲಿತಾಂಶವೇ ಮೊದಲು ಕಣ್ಣಿಗೆ ಬೀಳುತ್ತದೆ. 2023ರ ಸಿಬಿಎಸ್‌ಇ ಪರೀಕ್ಷೆಯಲ್ಲಿ ನವೋದಯಗಳ ಹತ್ತನೇ ತರಗತಿಯಲ್ಲಿ ಶೇ 99.14, ಹನ್ನೆರಡರಲ್ಲಿ ಶೇ 97.51 ಮಕ್ಕಳು ಪಾಸಾದರು. ಎರಡರಲ್ಲೂ ಬೇರೆ ಎಲ್ಲ ಬಗೆಯ ಶಾಲೆಗಳಿಗಿಂತ ಮುಂದೆ. ಆರಿಸಿದ ಮಕ್ಕಳು ತಾನೇ, ಪಾಸಾಗದೆ ಇರುತ್ತಾರಾ ಎಂದು ಕೇಳುವವರಿದ್ದಾರೆ. ಅದರಲ್ಲಿ ಸತ್ಯವಿದೆ. ಆದರೂ ಮನೆಯಲ್ಲಿ ಮೊದಲ ಸಲ ಹೈಸ್ಕೂಲು ಮೆಟ್ಟಿಲು ಹತ್ತಿದ ಎಷ್ಟೋ ಮಕ್ಕಳು ಅಲ್ಲಿಂದ ಡಾಕ್ಟರು, ಎಂಜಿನಿಯರು, ಮೇಷ್ಟ್ರು, ಅಧಿಕಾರಿಗಳಾಗಿದ್ದಾರೆ. ಆರಿಸಿದ ಮಾತ್ರಕ್ಕೆ ಅದು ಆಗುವುದಿಲ್ಲ. ಏಳು ವರ್ಷ ಹೊಟ್ಟೆ ತುಂಬ ಊಟ, ಸಂಜೆ ಆಟ, ರಾತ್ರಿ ಓದು, ಕ್ಯಾಂಪಸ್ಸಿನಲ್ಲೇ ಇರುವ ಮೇಷ್ಟ್ರುಗಳು, ಇವೆಲ್ಲ ಸೇರಿ ಆಗುತ್ತದೆ.

ಮನೆ ಬಿಟ್ಟಿರುವುದರ ಭಾರವನ್ನೂ ಮುಚ್ಚಿಡಬಾರದು. 2013ರಿಂದ 2017ರ ನಡುವೆ ದೇಶದ ನವೋದಯಗಳಲ್ಲಿ 49 ಮಕ್ಕಳು ಆತ್ಮಹತ್ಯೆ ಮಾಡಿಕೊಂಡರು ಎಂಬ ಸುದ್ದಿ 2018ರ ಕೊನೆಯಲ್ಲಿ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸರ್ಕಾರಕ್ಕೆ ನೋಟಿಸ್ ಕೊಟ್ಟಿತು. ಶಾಲೆಗಳಲ್ಲಿ ಆಪ್ತ ಸಲಹೆಗಾರರು ಬೇಕು ಎಂಬ ಮಾತು ಆಗ ಗಟ್ಟಿಯಾಯಿತು. ಆಯ್ಕೆಯಾದ ಮಗುವನ್ನು ಊರೆಲ್ಲ ಮೆರೆಸುತ್ತೇವೆ. "ನನಗೆ ಅಲ್ಲಿ ಇರೋಕೆ ಆಗ್ತಿಲ್ಲ" ಅಂತ ಆ ಮಗು ಹೇಳಿದರೆ ಕೇಳುವುದಕ್ಕೂ ನಾವು ತಯಾರಿರಬೇಕು, ಅಲ್ವಾ? ವಾಪಸ್ ಬಂದ ಮಗು ಸೋತ ಮಗುವಲ್ಲ ಎಂದು ನಾನು ತಂದೆ ತಾಯಿಗೆ ಮೊದಲೇ ಹೇಳಿ ಕಳಿಸುತ್ತೇನೆ.

ಶುರುವಿನಿಂದಲೂ ಈ ಶಾಲೆಗಳನ್ನು ಪ್ರಶ್ನಿಸಿದವರಿದ್ದಾರೆ. 1964-66ರ ಕೊಠಾರಿ ಆಯೋಗ ಎಲ್ಲರ ಮಕ್ಕಳೂ ಒಟ್ಟಿಗೆ ಓದುವ ಸಮಾನ ಶಾಲೆಯ ಕನಸು ಕಟ್ಟಿತ್ತು. ಜಿಲ್ಲೆಗೆ 80 ಮಕ್ಕಳನ್ನು ಎತ್ತಿಕೊಂಡು ಹೋದರೆ ಉಳಿದವರ ಗತಿ ಏನು? 1986ರ ಶಿಕ್ಷಣ ನೀತಿಯನ್ನು ಮರುಪರಿಶೀಲಿಸಿದ ಆಚಾರ್ಯ ರಾಮಮೂರ್ತಿ ಸಮಿತಿಯೂ 1990ರಲ್ಲಿ ಹೊಸ ನವೋದಯಗಳು ಬೇಕೇ ಎಂದು ಕೇಳಿತು. ಈ ಪ್ರಶ್ನೆ ನನಗೆ ಪುಸ್ತಕದ್ದಲ್ಲ. ಗುಂಪು ಮಾಡಿಕೊಂಡು ಬೇರೆ ಮಕ್ಕಳಿಗೆ ಮಗ್ಗಿ ಕಲಿಸುತ್ತಿದ್ದ ಹುಡುಗಿ ನವೋದಯಕ್ಕೆ ಹೋದ ವರ್ಷ, ನಮ್ಮ ಆರನೇ ಕ್ಲಾಸು ಎಷ್ಟೋ ದಿನ ಮಂಕಾಗಿತ್ತು. ಅವಳನ್ನು ಕಳಿಸಿದ್ದು ತಪ್ಪು ಎಂದು ಮಾತ್ರ ನನಗೆ ಒಮ್ಮೆಯೂ ಅನ್ನಿಸಿಲ್ಲ.

ಇದಕ್ಕೆ ಉತ್ತರ ಆ ಹಳೆಯ ವಿಶೇಷಣದಲ್ಲೇ ಇದೆ. ಗತಿ ನಿರ್ಧರಿಸುವ ಶಾಲೆ. ನವೋದಯದ ಉದ್ದೇಶಗಳಲ್ಲಿ ಒಂದನ್ನು ಯಾರೂ ಜಾಸ್ತಿ ನೆನೆಯುವುದಿಲ್ಲ: ತನ್ನ ಅನುಭವ ಮತ್ತು ಸೌಲಭ್ಯಗಳನ್ನು ಹಂಚಿಕೊಂಡು ಇಡೀ ಜಿಲ್ಲೆಯ ಶಾಲೆಗಳ ಗುಣಮಟ್ಟ ಎತ್ತಬೇಕು ಎಂಬುದು. ಅಂದರೆ ಅಲ್ಲಿನ ಪ್ರಯೋಗಾಲಯ, ಲೈಬ್ರರಿ, ಮೈದಾನ, ಒಳ್ಳೆಯ ಗಣಿತ ಮೇಷ್ಟ್ರು ಇವೆಲ್ಲ ಆ 80 ಮಕ್ಕಳಿಗಷ್ಟೇ ಅಲ್ಲ, ಆಯ್ಕೆಯಾಗದ ಮಕ್ಕಳಿಗೂ ಸೇರಿದ್ದು. ನಮ್ಮ ಶಾಲೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಇಷ್ಟು ವರ್ಷದಲ್ಲಿ ನಮ್ಮ ಮಕ್ಕಳು ಆ ಗೇಟಿನೊಳಗೆ ಹೋಗಿರುವುದು ಪರೀಕ್ಷೆ ಬರೆಯುವ ಗೆಳೆಯರನ್ನು ಬಿಡಲು ಮಾತ್ರ. ಈ ವರ್ಷ ನಾನು ಪ್ರಾಂಶುಪಾಲರಿಗೆ ಒಂದು ಪತ್ರ ಬರೆದಿದ್ದೇನೆ. ತಿಂಗಳಿಗೊಂದು ಶನಿವಾರ ನಮ್ಮ ಏಳನೇ ಕ್ಲಾಸಿನ 22 ಮಕ್ಕಳು ಬಂದು ಅಲ್ಲಿನ ವಿಜ್ಞಾನ ಪ್ರಯೋಗಾಲಯ ನೋಡಲಿ, ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಸಿಪ್ಪೆ ನೋಡಲಿ ಎಂದು. ಬಸ್ಸಿನ ಚಾರ್ಜು ನಾವೇ ಹೊಂದಿಸಿಕೊಳ್ಳುತ್ತೇವೆ ಎಂದೂ ಬರೆದಿದ್ದೇನೆ.