ಪರ್ಲ್ ಲೂಪ್‌ನಲ್ಲಿ ಗ್ಲಾಬ್ ಫೈಲ್ ಬಿಟ್ಟುಬಿಡುವುದೇಕೆ?

ಜನವರಿ, ಫೆಬ್ರವರಿ, ಮಾರ್ಚ್ ಎಂಬ ಮೂರು ಫೋಲ್ಡರ್‌ಗಳಿವೆ, ಒಂದೊಂದರಲ್ಲೂ ಒಂದೇ ಲಾಗ್ ಫೈಲ್. ಫೋರ್‌ಈಚ್ ಲೂಪ್‌ನೊಳಗೆ ಪ್ರತಿ ಫೋಲ್ಡರ್‌ಗೂ ಗ್ಲಾಬ್ (ಕೊಟ್ಟ ಪ್ಯಾಟರ್ನ್‌ಗೆ ಹೊಂದುವ ಫೈಲ್ ಹೆಸರುಗಳನ್ನು ಹುಡುಕಿಕೊಡುವ ಪರ್ಲ್ ಭಾಷೆಯ ಫಂಕ್ಷನ್) ಕರೆದು, ಸಿಕ್ಕ ಹೆಸರನ್ನು ಒಂದು ಸ್ಕೇಲಾರ್ (ಒಂದೇ ಮೌಲ್ಯ ಹಿಡಿಯುವ) ವೇರಿಯಬಲ್‌ಗೆ ಹಾಕಿಕೊಂಡರೆ ಜನವರಿಯ ಫೈಲ್ ಬರುತ್ತದೆ, ಮಾರ್ಚ್‌ನದೂ ಬರುತ್ತದೆ. ಫೆಬ್ರವರಿಯ ಸರದಿಯಲ್ಲಿ ಬರುವುದು ಬರೀ ಅನ್‌ಡೆಫ್, ಅಂದರೆ ಮೌಲ್ಯವೇ ಇಲ್ಲ. ಫೈಲ್ ಇದ್ದಲ್ಲೇ ಇದೆ, ಪ್ಯಾಟರ್ನ್ ಕೂಡ ಸರಿಯಾಗಿಯೇ ಇದೆ.

ಇದರ ಬೇರು ಹಳೆಯದು. ಮೊದಲು ಪರ್ಲ್‌ಗೆ ಫೈಲ್ ಹೆಸರು ಹುಡುಕುವ ಸ್ವಂತ ವ್ಯವಸ್ಥೆ ಇರಲಿಲ್ಲ. ಯೂನಿಕ್ಸ್‌ನಲ್ಲಿ ಅದು ಸಿ ಶೆಲ್ಲನ್ನು (ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಂ) ಬೇರೆ ಪ್ರಾಸೆಸ್ ಆಗಿ ಎಬ್ಬಿಸಿ, ಪ್ಯಾಟರ್ನನ್ನು ಅದಕ್ಕೆ ಒಪ್ಪಿಸಿ, ಉತ್ತರವನ್ನು ಪೈಪ್ ಮೂಲಕ ಓದಿಕೊಳ್ಳುತ್ತಿತ್ತು. ಸ್ಕೇಲಾರ್ ಸಂದರ್ಭದಲ್ಲಿ, ಅಂದರೆ ಒಂದೇ ಮೌಲ್ಯ ಕೇಳಿದಾಗ, ಒಂದು ಸಲಕ್ಕೆ ಒಂದೇ ಹೆಸರು, ಫೈಲಿನಿಂದ ಸಾಲು ಓದಿದ ಹಾಗೆ. ಪೈಪ್ ಖಾಲಿಯಾಗುವ ತನಕ ಹೊಸ ಪ್ಯಾಟರ್ನನ್ನು ಅದು ನೋಡುತ್ತಲೇ ಇರಲಿಲ್ಲ. ಸಾಲು ಓದುವುದಕ್ಕೂ ಗ್ಲಾಬ್‌ಗೂ < > ಎಂಬ ಒಂದೇ ಚಿಹ್ನೆ ಇರುವುದೂ ಈ ನಂಟನ್ನೇ ತೋರಿಸುತ್ತದೆ. ಫೈಲ್‌ಗಳು ವಿಪರೀತ ಇದ್ದರೆ ಆರ್ಗ್ಯುಮೆಂಟ್ ಪಟ್ಟಿ ಉದ್ದವಾಯಿತೆಂದು ಶೆಲ್ ಕೈಚೆಲ್ಲುತ್ತಿತ್ತು.

2000ರ ಮಾರ್ಚ್‌ನಲ್ಲಿ ಬಂದ 5.6.0 ಆವೃತ್ತಿ ಶೆಲ್ಲನ್ನು ಕೈಬಿಟ್ಟು, ಫೈಲ್::ಗ್ಲಾಬ್ ಮಾಡ್ಯೂಲಿಗೆ ಕೆಲಸ ವಹಿಸಿತು. ವೇಗ ಬಂತು, ಉದ್ದದ ಮಿತಿಯೂ ಹೋಯಿತು. ಹಳೆಯ ಸ್ಕ್ರಿಪ್ಟ್‌ಗಳು ಮುರಿಯಬಾರದೆಂದು ನಡವಳಿಕೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು. ಹಾಗಾಗಿ ಕೋಡಿನಲ್ಲಿ ಗ್ಲಾಬ್ ಬರೆದ ಪ್ರತಿ ಜಾಗವೂ ತನ್ನದೇ ಪಟ್ಟಿಯನ್ನು ಇವತ್ತಿಗೂ ನೆನಪಿಟ್ಟುಕೊಳ್ಳುತ್ತದೆ. ಜನವರಿಯ ಪಟ್ಟಿ ಮುಗಿಯಿತೆಂದು ಹೇಳುವುದಕ್ಕೇ ಫೆಬ್ರವರಿಯ ಸುತ್ತು ಖರ್ಚಾಗುತ್ತದೆ. ಹೊಸ ಪ್ಯಾಟರ್ನ್ ಓದುವುದು ಮಾರ್ಚ್‌ನಲ್ಲೇ. ಜನವರಿಯಲ್ಲಿ ಎರಡು ಫೈಲ್ ಇದ್ದರೆ ಇನ್ನೂ ಕೆಟ್ಟದ್ದು: ಫೆಬ್ರವರಿಯ ಹೆಸರಿನಲ್ಲಿ ಜನವರಿಯ ಎರಡನೇ ಫೈಲ್ ಕೈಗೆ ಬರುತ್ತದೆ, ಅದು ತಪ್ಪೆಂದು ಯಾವ ಸೂಚನೆಯೂ ಇರುವುದಿಲ್ಲ. ವೈಲ್ ಲೂಪಿನಿಂದ ಲಾಸ್ಟ್ ಹಾಕಿ ಅರ್ಧದಲ್ಲಿ ಹೊರಬಂದರೂ ಇದೇ ಕಥೆ; ಅದೇ ಫಂಕ್ಷನ್ ಮತ್ತೆ ಕರೆದಾಗ ಉಳಿದ ಹಳೆಯ ಹೆಸರುಗಳೇ ಮೊದಲು ಬರುತ್ತವೆ.

ಪರಿಹಾರ ಎರಡು ಅಕ್ಷರದ್ದು. ಎಡಗಡೆಯ ವೇರಿಯಬಲ್‌ಗೆ ( ) ಆವರಣ ಹಾಕಿದರೆ ಅದು ಲಿಸ್ಟ್ ಸಂದರ್ಭವಾಗುತ್ತದೆ (ಇಡೀ ಪಟ್ಟಿಯನ್ನು ಒಮ್ಮೆಗೇ ಕೇಳಿದಂತೆ), ಪ್ರತಿ ಸುತ್ತಿನಲ್ಲೂ ಪ್ಯಾಟರ್ನ್ ಹೊಸದಾಗಿ ಲೆಕ್ಕಕ್ಕೆ ಬರುತ್ತದೆ. ಎಲ್ಲ ಫೈಲ್ ಬೇಕಿದ್ದರೆ ಅರೇಗೆ ತುಂಬಿಕೊಂಡು ಅದರ ಮೇಲೆ ಫೋರ್‌ಈಚ್ ಓಡಿಸಿ.

ಸಿ ಶೆಲ್ಲಿನಿಂದ ಬಂದ ಇನ್ನೊಂದು ಬಳುವಳಿ, ಖಾಲಿ ಜಾಗ. ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದರೆ ಗ್ಲಾಬ್ ಅದನ್ನು ಎರಡು ಪ್ಯಾಟರ್ನ್ ಎಂದು ಒಡೆಯುತ್ತದೆ. *, ? ಅಥವಾ [ ಇಲ್ಲದ ತುಂಡನ್ನು, ಅಂಥ ಫೈಲ್ ಇಲ್ಲದಿದ್ದರೂ, ಇದ್ದ ಹಾಗೇ ಮರಳಿಸುತ್ತದೆ. ಅಲ್ಲಿ ಫೈಲ್::ಗ್ಲಾಬ್ ಮಾಡ್ಯೂಲಿನ ಬಿಎಸ್‌ಡಿ_ಗ್ಲಾಬ್ ಬಳಸಿ, ಅದು ಸ್ಪೇಸ್‌ನಲ್ಲಿ ಒಡೆಯುವುದಿಲ್ಲ. ಆಮೇಲೆ -ಇ ಪರೀಕ್ಷೆಯಿಂದ ಫೈಲ್ ನಿಜಕ್ಕೂ ಇದೆಯೇ ಎಂದು ನೋಡಿಕೊಳ್ಳಿ.